ಮೈಗೊಪ್ಪುವ ಜಾಕೆಟ್ಟು

ಬೈಕ್ ಓಡಿಸುವವರಲ್ಲಿ ಹೆಚ್ಚಿನವರಿಗೆ ಎಂಜಿನ್ನಿನ ಸದ್ದಿನ ಮೇಲೆ ಮೋಹ. ನನಗೆ ಅಷ್ಟೇ ಮೋಹ ಅದಕ್ಕೂ ಮೊದಲಿನ ತಯಾರಿಯ ಮೇಲೆ. ತಯಾರಿಗೊಂದು ಕ್ರಮವಿದೆ. ಮೊದಲು ಪ್ಯಾಂಟು, ಆಮೇಲೆ ಬೂಟು, ಜಾಕೆಟ್ಟು, ಹೆಲ್ಮೆಟ್ಟು, ಕೊನೆಗೆ ಗ್ಲೌಸು. ಗ್ಲೌಸು ಮೊದಲೇ ಹಾಕಿಕೊಂಡರೆ ಗಲ್ಲದ ಕೆಳಗೆ ಹೆಲ್ಮೆಟ್ಟಿನ ಎರಡು ಬಳೆಗಳ ನಡುವೆ ಪಟ್ಟಿ ತೂರಿಸಲು ಬೆರಳು ಬಗ್ಗುವುದಿಲ್ಲ. ಜಿಪ್ಪು ಕತ್ತಿನವರೆಗೆ ಏರಿ, ಮಣಿಕಟ್ಟಿನ ವೆಲ್ಕ್ರೋ ಒತ್ತಿ ಕೂತು, ಮೊಣಕೈಯ ಪ್ಯಾಡು ಮೊಣಕೈ ಮೇಲೂ ಮೊಣಕಾಲಿನ ಪ್ಯಾಡು ಮೊಣಕಾಲಿನ ಮೇಲೂ ಬಂದು ನಿಂತಾಗ ಮೈಗೆ ಒಂದು ಬಗೆಯ ಭರವಸೆ ಬರುತ್ತದೆ. ಈ ಭರವಸೆ ನನಗೆ ಯಾವ ಅಂಗಡಿಯಲ್ಲೂ ಸಿದ್ಧವಾಗಿ ಸಿಗಲಿಲ್ಲ. ಟೇಪು, ಕತ್ತರಿ, ದಾರಗಳ ಜೊತೆ ವರ್ಷಗಟ್ಟಲೆ ಒಡನಾಡಿ ಕಟ್ಟಿಕೊಂಡೆ. ಕಟ್ಟಿಕೊಳ್ಳುವ ಆ ಕೆಲಸವೇ ಈಗ ಸವಾರಿಯಷ್ಟು ಪ್ರೀತಿಯ ಹವ್ಯಾಸವಾಗಿದೆ.

ನಾನು ತಾಳಗುಂದದವಳು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ನನ್ನ ಎತ್ತರ 144 ಸೆಂ.ಮೀ. ಹೆಗಲು ಅಗಲ, ಎದೆಯ ಸುತ್ತಳತೆ 98 ಸೆಂ.ಮೀ., ತಲೆಯ ಸುತ್ತಳತೆ 53, ಒಳಗಾಲು 66, ಪಾದ ಮೂರನೆಯ ನಂಬರು. ಈ ಅಂಕಿಗಳನ್ನು ಹೇಳಲು ನನಗೆ ಸಂಕೋಚವಿಲ್ಲ. ಬೈಕ್ ಹತ್ತುವವರಿಗೆ ಟೈರಿನ ಗಾಳಿ ಎಷ್ಟಿರಬೇಕೆಂದು ಗೊತ್ತಿರುವ ಹಾಗೆ ತಮ್ಮ ಮೈಯ ಅಳತೆಯೂ ಗೊತ್ತಿರಬೇಕು. ಗಾಡಿ ಕೊಳ್ಳುವಾಗಲೂ ಅಳತೆಯನ್ನೇ ನೋಡಿದೆ. ಕ್ಲಾಸಿಕ್ 350ರ ಸೀಟು ನೆಲದಿಂದ 805 ಮಿ.ಮೀ., ಮೀಟಿಯರ್ 350ರದು 765, ಅವೆಂಜರ್‌ನದು 737. ನಾನು ಅವೆಂಜರ್ ತಂದೆ. ಸೀಟಿನ ಸ್ಪಂಜನ್ನು ಒಂದಿಂಚು ಕೊಯ್ಸಿ, ಬೂಟಿಗೆ ಅರ್ಧ ಇಂಚು ದಪ್ಪದ ಸೋಲು ಹಾಕಿಸಿದ ಮೇಲೆ ಎರಡೂ ಪಾದಗಳ ಮುಂಭಾಗ ನೆಲದ ಮೇಲೆ ಗಟ್ಟಿಯಾಗಿ ಕೂತವು. ಸೋಲು ದಪ್ಪವಾದರೆ ಗೇರ್ ಲಿವರ್ ಅಡಿಗೆ ಬೂಟಿನ ಮೂತಿ ಹೋಗುವುದಿಲ್ಲ. ಮೆಕ್ಯಾನಿಕ್ ಲಿವರನ್ನು ಬಿಚ್ಚಿ ಒಂದು ಹಲ್ಲು ಮೇಲಕ್ಕೆ ಕೂರಿಸಿಕೊಟ್ಟ. ಒಂದು ಅಳತೆ ಬದಲಾದರೆ ಅದಕ್ಕೆ ಅಂಟಿದ ಇನ್ನೊಂದೂ ಬದಲಾಗಬೇಕು ಎಂಬ ಪಾಠ ಅಲ್ಲಿಂದಲೇ ಶುರುವಾಯಿತು.

“ಇಲ್ಲಿಂದ ಶಿರಾಳಕೊಪ್ಪಕ್ಕೆ ಹೋಗೋಕೆ ಇಷ್ಟೆಲ್ಲ ಯಾಕೆ ಅಕ್ಕೋರೆ?” ಎಂದು ಊರಿನಲ್ಲಿ ಈಗಲೂ ಕೇಳುತ್ತಾರೆ. ನಮ್ಮದು ಅರೆಮಲೆನಾಡು. ಸುಗ್ಗಿ ಮುಗಿದರೆ ರಸ್ತೆಯ ಅರ್ಧಭಾಗ ಮೆಕ್ಕೆಜೋಳದ ಕಣ. ಒಣ ಕಾಳಿನ ಮೇಲೆ ಬ್ರೇಕ್ ಒತ್ತಿದರೆ ಹಿಂದಿನ ಚಕ್ರಕ್ಕೆ ಹಿಡಿತವೇ ಇರುವುದಿಲ್ಲ. ಸಂಜೆ ಹೊತ್ತು ಹಿಂದೀಪವಿಲ್ಲದ ಟ್ರೇಲರ್‌ಗಳು ಶುಂಠಿ ಹೇರಿಕೊಂಡು ಬರುತ್ತವೆ. ಬಣ್ಣ ಬಳಿಯದ ಹಂಪುಗಳು ಕತ್ತಲಲ್ಲಿ ಕಾಣುವುದಿಲ್ಲ. ಆಷಾಢದಲ್ಲಿ ಸೊರಬದ ಕಡೆ ಹೊರಟರೆ ಗುಂಡಿ ಯಾವುದು, ನೀರು ನಿಂತ ರಸ್ತೆ ಯಾವುದು ತಿಳಿಯುವುದಿಲ್ಲ. ಮನೆಯಿಂದ ಎಷ್ಟು ದೂರ ಬಂದಿದ್ದೀರಿ ಎಂದು ಡಾಂಬರು ಕೇಳುವುದಿಲ್ಲ. ಗಂಟೆಗೆ ನಲವತ್ತು ಕಿ.ಮೀ. ವೇಗದಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ ಹನ್ನೊಂದು ಮೀಟರ್ ಮುಂದೆ ಸಾಗಿರುತ್ತದೆ. ಆ ಹನ್ನೊಂದು ಮೀಟರನ್ನು ಬರಿಮೈಯಲ್ಲಿ ಜಾರುವುದನ್ನು ಊಹಿಸಿಕೊಂಡವರಿಗೆ ಜಾಕೆಟ್ಟು ಶೋಕಿಯಾಗಿ ಕಾಣುವುದಿಲ್ಲ.

ಎಲ್ಲಕ್ಕಿಂತ ಮೊದಲು ತಲೆ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಹೆಲ್ಮೆಟ್ಟನ್ನು ಕಡ್ಡಾಯ ಮಾಡಿದೆ. ಕರ್ನಾಟಕದಲ್ಲಿ 2016ರ ಜನವರಿಯಿಂದ ಹಿಂಬದಿ ಸವಾರರಿಗೂ ಬೇಕು. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ಟನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ. ಇಷ್ಟೆಲ್ಲ ಆದರೂ ಸಣ್ಣ ಊರಿನ ಅಂಗಡಿಗಳ ಗೂಟಕ್ಕೆ ನೇತುಬಿದ್ದಿರುವವು ಬಹುಪಾಲು 580 ಮಿ.ಮೀ. ಮತ್ತು 600 ಮಿ.ಮೀ. ಅಳತೆಯವು. ನನ್ನ ತಲೆ 530. ಐದು ಸೆಂಟಿಮೀಟರ್ ಸಡಿಲವಾದ ಹೆಲ್ಮೆಟ್ಟು ಬಿದ್ದ ಗಳಿಗೆಯಲ್ಲಿ ತಲೆಗಿಂತ ಮೊದಲು ತಾನು ತಿರುಗುತ್ತದೆ, ಕಣ್ಣು ಮುಚ್ಚುತ್ತದೆ, ಕೆಲವೊಮ್ಮೆ ಕಳಚಿಯೇ ಹೋಗುತ್ತದೆ. “ಒಳಗೊಂದು ಟವಲ್ ಸುತ್ತಿಕೊಳ್ಳಿ” ಎಂದವರಿದ್ದಾರೆ. ಸ್ಪಂಜು ಅಂಟಿಸಿಕೊಡುತ್ತೇವೆ ಎಂದವರೂ ಇದ್ದಾರೆ. ನಾನು ಒಪ್ಪಲಿಲ್ಲ. ಹೊಡೆತವನ್ನು ನುಂಗುವುದು ಒಳಗಿನ ಬಿಳಿ ಥರ್ಮೋಕೋಲಿನಂಥ ಗಟ್ಟಿ ಪದರ. ಅದು ತಲೆಯನ್ನು ಸುತ್ತಲೂ ಒಂದೇ ಸಮ ಅಪ್ಪಿರಬೇಕು. ನಡುವೆ ಮೆತ್ತನೆಯ ಸ್ಪಂಜು ಸೇರಿಸಿದರೆ ಅಪ್ಪಿದಂತೆ ಭಾಸವಾಗುತ್ತದೆ, ಅಷ್ಟೆ.

ಹೆಲ್ಮೆಟ್ಟು ಆರಿಸುವುದನ್ನು ನಾನು ನಿಧಾನವಾಗಿ ಕಲಿತೆ, ಕಲಿತದ್ದನ್ನು ಕೇಳಿದವರಿಗೆಲ್ಲ ಹೇಳುತ್ತೇನೆ. ಹುಬ್ಬಿನ ಮೇಲೆ ಒಂದಿಂಚು ಬಿಟ್ಟು, ಕಿವಿಯ ಮೇಲಿನಿಂದ, ಹಿಂದಲೆಯ ಉಬ್ಬಿನ ಮೇಲೆ ಹಾಯುವಂತೆ ಟೇಪು ಸುತ್ತಬೇಕು. ತಲೆಗಳ ಆಕಾರವೂ ಒಂದೇ ಅಲ್ಲ: ಕೆಲವರದು ಹಣೆಯಿಂದ ಹಿಂದಕ್ಕೆ ಉದ್ದ, ಕೆಲವರದು ದುಂಡು. ಸುತ್ತಳತೆ ಸರಿಯಿದ್ದೂ ಹಣೆಯ ನಡುವೆ ಒತ್ತಿದರೆ ಆ ಹೆಲ್ಮೆಟ್ಟಿನ ಆಕಾರ ಬೇರೆ ಎಂದರ್ಥ. ಹಾಕಿಕೊಂಡು ತಲೆ ಅಲ್ಲಾಡಿಸಿದರೆ ಕೆನ್ನೆಯ ಚರ್ಮವೂ ಅದರ ಜೊತೆಗೆ ಸರಿಯಬೇಕು. ಪಟ್ಟಿ ಬಿಗಿದು ಹಿಂದಿನಿಂದ ಯಾರಾದರೂ ಮುಂದಕ್ಕೆ ಎತ್ತಿದರೆ ಕಳಚಬಾರದು. ಕೆಲವು ತಯಾರಕರು ಎಲ್ಲ ಅಳತೆಗೂ ಒಂದೇ ದೊಡ್ಡ ಹೊರಕವಚ ಬಳಸಿ, ಸಣ್ಣ ತಲೆಗೆ ಒಳಪದರ ಮಾತ್ರ ದಪ್ಪ ಮಾಡುತ್ತಾರೆ. ಆಗ ಸಣ್ಣ ಕತ್ತು ದೊಡ್ಡ ಕವಚದ ಭಾರ ಹೊರಬೇಕಾಗುತ್ತದೆ. ಎರಡು ಮೂರು ಅಳತೆಯ ಕವಚ ಮಾಡುವವರನ್ನು ಹುಡುಕಿ ಹೋಗುವುದೇ ಸರಿ. ಶಿವಮೊಗ್ಗ, ಹುಬ್ಬಳ್ಳಿಗಳಲ್ಲಿ ಸಿಗದೆ ಕೊನೆಗೆ ಬೆಂಗಳೂರಿನ ಜೆ.ಸಿ. ರಸ್ತೆಯ ಸಾಲಿನಲ್ಲಿ ನನ್ನ ಅಳತೆಯದನ್ನು ಹುಡುಕಿ ತಂದೆ. ಬೇರೆ ಯಾವುದನ್ನಾದರೂ ತಿದ್ದಿಸಿಕೊಳ್ಳಬಹುದು, ಹೆಲ್ಮೆಟ್ಟನ್ನು ಮಾತ್ರ ಇಲ್ಲ. ಅದಕ್ಕಾಗಿ ಅಲೆದದ್ದು ದುಡ್ಡಿಗೂ ದಣಿವಿಗೂ ತಕ್ಕದ್ದೇ.

ಜಾಕೆಟ್ಟಿನ ಕತೆ ಬೇರೆ. ಯುರೋಪಿನ ಗಂಡಸರ ಉಡುಪಿನಲ್ಲಿ 50 ಎಂದರೆ ಎದೆಯಳತೆ 100 ಸೆಂ.ಮೀ.; ಎದೆಯ ಅರ್ಧವೇ ನಂಬರು. ನನ್ನ ಎದೆಗೆ ಹೊಂದುವ 50ರ ಜಾಕೆಟ್ಟನ್ನು ಮಧ್ಯಮ ಎತ್ತರದ ಗಂಡಸಿಗಾಗಿ ಕತ್ತರಿಸಿರುತ್ತಾರೆ. ಅದರ ತೋಳು ನನ್ನ ಬೆರಳ ತುದಿಯನ್ನು ದಾಟುತ್ತದೆ. ತೋಳು ಹೊಂದುವ ಜಾಕೆಟ್ಟು ತಂದರೆ ಎದೆಯ ಜಿಪ್ಪು ಕೂಡುವುದಿಲ್ಲ. ಕಾರಣ ಸರಳ. ಬಟ್ಟೆ ಕಾರ್ಖಾನೆಗಳಲ್ಲಿ ನಡುವಿನ ಒಂದು ಅಳತೆಗೆ ನಮೂನೆ ಕತ್ತರಿಸಿ, ಅದನ್ನೇ ಹಂತಹಂತವಾಗಿ ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ. ಅಗಲ ಹೆಚ್ಚಿದರೆ ಉದ್ದವೂ ಹೆಚ್ಚುತ್ತದೆ. ಉದ್ದ ಕಡಿಮೆಯಾದರೆ ಅಗಲವೂ ಕಡಿಮೆ. ಕುಳ್ಳಗೆ ಅಗಲವಾಗಿರುವವರೂ ಎತ್ತರಕ್ಕೆ ತೆಳ್ಳಗಿರುವವರೂ ಆ ಏಣಿಯ ಹೊರಗೇ ಉಳಿಯುತ್ತಾರೆ. ನಮ್ಮ ಶಾಲೆಯ ದೈಹಿಕ ಶಿಕ್ಷಕರು ಆರಡಿ ಮೇಲೆ ನಾಲ್ಕು ಇಂಚು, ಕಡ್ಡಿಯ ಮೈ. ಅವರ ಜಾಕೆಟ್ಟಿನ ತೋಳಿಗೂ ಗ್ಲೌಸಿಗೂ ನಡುವೆ ಮಣಿಕಟ್ಟು ಬತ್ತಲೆ. ನಾವಿಬ್ಬರೂ ಸ್ಟಾಫ್ ರೂಮಿನಲ್ಲಿ ಕೂತರೆ ಮಾತು ಬೇಗನೆ ತೋಳು, ಹೆಗಲು, ಬಗಲಿಗೆ ಬಂದು ನಿಲ್ಲುತ್ತದೆ.

ಗಣಿತದವಳಾದ್ದರಿಂದ ನನಗೆ ಒಂದು ಕುತೂಹಲ ಹುಟ್ಟಿತು: ನನ್ನ ಅಳತೆ ನಿಜವಾಗಿ ಎಷ್ಟು ಅಪರೂಪದ್ದು? 2005-06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರ ಪೈಕಿ ನೂರಕ್ಕೆ ಸುಮಾರು ಹನ್ನೊಂದು ಮಂದಿ 145 ಸೆಂ.ಮೀ.ಗಿಂತ ಕಡಿಮೆ ಎತ್ತರದವರು. ದೇಶದ ಹೆಂಗಸರ ಸರಾಸರಿ ಎತ್ತರವೇ 152ರ ಆಸುಪಾಸು. ಅಂದರೆ ಒಂದು ತರಗತಿಯಷ್ಟು ಹೆಂಗಸರು ಸೇರಿದರೆ ಅಲ್ಲಿ ನನ್ನಂಥವರು ನಾಲ್ಕೈದು ಜನ ಇದ್ದೇ ಇರುತ್ತಾರೆ. ಆದರೂ ಕಾರುಗಳ ಡಿಕ್ಕಿ ಪರೀಕ್ಷೆಗೆ ಬಳಸುವ, 1976ರಲ್ಲಿ ಜನರಲ್ ಮೋಟಾರ್ಸ್ ರೂಪಿಸಿದ ಹೈಬ್ರಿಡ್ 3 ಎಂಬ ಬೊಂಬೆ 175 ಸೆಂ.ಮೀ. ಎತ್ತರದ, 78 ಕಿಲೋ ತೂಕದ ಗಂಡಸು. ಆ ಮನೆತನದ ಸಣ್ಣ ಹೆಣ್ಣು ಬೊಂಬೆಯೂ ಸುಮಾರು 150 ಸೆಂ.ಮೀ. ಇದೆ; ನಾನು ಅದಕ್ಕಿಂತಲೂ ಕುಳ್ಳಿ. ನಮ್ಮ ದೇಶದವರ ಮೈಯನ್ನು ನಮ್ಮಲ್ಲೇ ಅಳೆಯುವ ದೊಡ್ಡ ಕೆಲಸಕ್ಕೆ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ನಿಫ್ಟ್ ಕೈಹಾಕಿತು. ‘ಇಂಡಿಯಾಸೈಜ್’ ಎಂಬ ಆ ಯೋಜನೆಯಲ್ಲಿ ದೇಶದ ಆರು ನಗರಗಳಲ್ಲಿ ಇಪ್ಪತ್ತೈದು ಸಾವಿರ ಜನರನ್ನು ಮೂರು ಆಯಾಮದ ಸ್ಕ್ಯಾನರ್‌ಗಳಿಂದ ಅಳೆಯುವ ಗುರಿ ಇಟ್ಟುಕೊಂಡರು. ಇದು ಬಹಳ ಮೊದಲೇ ಆಗಬೇಕಿತ್ತು. ಅಲ್ಲಿಯವರೆಗೆ ನಾವು ಬೇರೆ ದೇಶದ ಮೈಗಳಿಗೆ ಮಾಡಿದ ಪಟ್ಟಿಯೊಳಗೆ ತೂರಿಕೊಳ್ಳಲು ನೋಡುತ್ತ, ತೂರಲಾಗದಿದ್ದಾಗ ನಮ್ಮ ಮೈಯನ್ನೇ ವಿಚಿತ್ರ ಎಂದುಕೊಂಡೆವು. ನನ್ನ ಎತ್ತರ ಈ ದೇಶದಲ್ಲಿ ಅಪರೂಪವಲ್ಲ. ಅದನ್ನು ಲೆಕ್ಕಕ್ಕೆ ಹಿಡಿಯದ ಪಟ್ಟಿ ಅಪೂರ್ಣ.

ಅಳತೆ ಸರಿಯಿರಬೇಕು ಎಂಬುದು ಅಂದಚಂದದ ಹಟವಾಗಿದ್ದರೆ ನಾನು ಇಷ್ಟು ಹಚ್ಚಿಕೊಳ್ಳುತ್ತಿರಲಿಲ್ಲ. ಮೊಣಕೈ, ಹೆಗಲು, ಮೊಣಕಾಲಿನ ಪ್ಯಾಡುಗಳಿಗೆ ಯುರೋಪಿನ ಇಎನ್ 1621-1 ಎಂಬ ಮಾನದಂಡವಿದೆ. ಐದು ಕಿಲೋ ಭಾರವನ್ನು 50 ಜೂಲ್ ಶಕ್ತಿಯಲ್ಲಿ, ಎಂದರೆ ಸುಮಾರು ಒಂದು ಮೀಟರ್ ಎತ್ತರದಿಂದ, ಪ್ಯಾಡಿನ ಮೇಲೆ ಬೀಳಿಸುತ್ತಾರೆ. ಪ್ಯಾಡನ್ನು ದಾಟಿ ಕೆಳಗೆ ತಲುಪುವ ಬಲದ ಸರಾಸರಿ 35 ಕಿಲೋನ್ಯೂಟನ್ ಮೀರದಿದ್ದರೆ ಮೊದಲ ದರ್ಜೆ, 20 ಮೀರದಿದ್ದರೆ ಎರಡನೆಯ ದರ್ಜೆ. ನಾನು ಎರಡನೆಯ ದರ್ಜೆಯದನ್ನೇ ಕೊಂಡೆ. ಆದರೆ ಈ ಅಂಕಿಗಳಿಗೆಲ್ಲ ಒಂದು ಷರತ್ತಿದೆ, ಪ್ಯಾಡು ಮೂಳೆಯ ಮೇಲೆ ಇರಬೇಕು. ನನ್ನ ಮೈಮೇಲೆ ಮೊಣಕೈಯ ಪ್ಯಾಡು ಮುಂಗೈಗೆ ಇಳಿಯುತ್ತಿತ್ತು, ಮೊಣಕಾಲಿನದು ಕಣಕಾಲಿಗೆ. ಅಕ್ಕನ ಲಂಗ ತೊಟ್ಟ ತಂಗಿಯ ಹಾಗೆ, ಎಲ್ಲವೂ ಇತ್ತು, ಯಾವುದೂ ತನ್ನ ಜಾಗದಲ್ಲಿರಲಿಲ್ಲ.

ಎದೆಗೆ ಹೊಂದುವ ಜಾಕೆಟ್ಟನ್ನೇ ತಿದ್ದಿಸಲು ಹೊರಟೆ. ಇಲ್ಲಿಂದ ಮುಂದಿನದು ಶಿರಾಳಕೊಪ್ಪದ ಒಬ್ಬ ಹಿರಿಯ ದರ್ಜಿಯ ಕತೆಯೂ ಹೌದು. ಬ್ಲೌಸು, ಬುರ್ಖಾ, ಮದುವೆಯ ಶೇರ್ವಾನಿ ಎಲ್ಲ ಹೊಲಿದ ಕೈ. ಜಾಕೆಟ್ಟನ್ನು ಮಗುಚಿ, ಒಳಗಿನ ಲೈನಿಂಗ್ ನೋಡಿ, ಹೊಲಿಗೆಯ ಮೇಲೆ ಉಗುರು ಎಳೆದು ನೋಡಿದರು. “ಇದಕ್ಕೆ ನನ್ನ ಮಿಷಿನ್ನಿನ ಸೂಜಿ ತಡೆಯಲ್ಲ ಅಕ್ಕೋರೆ. ಕತ್ತರಿಸೋದು ನಂದು, ಹೊಲಿಯೋದು ಸೀಟ್ ಕವರ್ ಅಂಗಡೀದು,” ಎಂದರು. ಆಮೇಲೆ ಅಳತೆಗೆ ನಿಂತೆ. “ನಿಂತು ಅಳತೆ ಕೊಟ್ರೆ ನಿಂತೇ ಗಾಡಿ ಓಡಿಸ್ಬೇಕಾಗ್ತದೆ. ಗಾಡಿ ಮೇಲೆ ಕುತ್ಕಳ್ರಿ,” ಎಂದು ಅಂಗಡಿಯ ಮುಂದೆ ನಿಲ್ಲಿಸಿದ್ದ ಬೈಕಿನ ಮೇಲೆ ಕೂರಿಸಿ, ಹ್ಯಾಂಡಲ್ ಹಿಡಿಸಿ, ಮೊಣಕೈಯ ಮೂಳೆ ಎಲ್ಲಿ ಬರುತ್ತದೋ ಅಲ್ಲಿಗೆ ಸೀಮೆಸುಣ್ಣದ ಗುರುತು ಹಾಕಿದರು. ಅವರು ಬೈಕ್ ಜಾಕೆಟ್ಟು ಮುಟ್ಟಿದ್ದು ಅದೇ ಮೊದಲು. ಸವಾರಿಯ ಉಡುಪಿನ ಮೂಲಸೂತ್ರವನ್ನು ಮೊದಲ ನೋಟದಲ್ಲೇ ಹಿಡಿದ ಆ ಜಾಣ್ಮೆಗೆ ನಾನು ಇವತ್ತಿಗೂ ತಲೆಬಾಗುತ್ತೇನೆ.

ಕೂತಾಗ ತೋಳು ಮೇಲಕ್ಕೆ ಸರಿಯುತ್ತದೆ, ಬೆನ್ನು ಉದ್ದವಾಗುತ್ತದೆ, ಹೊಟ್ಟೆಯ ಕಡೆ ಬಟ್ಟೆ ಮುದುಡುತ್ತದೆ. ಗಿಡ್ಡ ಮುಂಡದವರಿಗೆ ಜಾಕೆಟ್ಟಿನ ಅಂಚು ಟ್ಯಾಂಕಿಗೆ ಒತ್ತಿ, ಕಾಲರ್ ಮೇಲೆದ್ದು ಹೆಲ್ಮೆಟ್ಟಿಗೆ ತಾಗುತ್ತದೆ, ತಿರುವಿನಲ್ಲಿ ಕತ್ತು ಹೊರಳುವುದಿಲ್ಲ. ಹಾಗಾಗಿ ಮುಂಭಾಗವನ್ನು ಗಿಡ್ಡ ಮಾಡಿ ಬೆನ್ನನ್ನು ಹಾಗೇ ಬಿಟ್ಟೆವು. ಪ್ಯಾಂಟಿನದು ಇನ್ನೂ ಸೂಕ್ಷ್ಮ. ಕೆಳಗಿನ ತುದಿ ಕತ್ತರಿಸಿದರೆ ಉದ್ದ ಸರಿಹೋಗುತ್ತದೆ, ಮೊಣಕಾಲು ಮಾತ್ರ ಮೊದಲಿನ ಜಾಗದಲ್ಲೇ ಉಳಿಯುತ್ತದೆ. ಪ್ಯಾಡಿನ ಜೇಬನ್ನೇ ಒಳಗಿನ ಲೈನಿಂಗಿನಿಂದ ಬಿಚ್ಚಿ ಎರಡಿಂಚು ಮೇಲಕ್ಕೆ ಕೂರಿಸಬೇಕು. ಹೊರಬಟ್ಟೆಯಲ್ಲಿ ಮೊಣಕೈ, ಹೆಗಲು, ಸೊಂಟ, ಮೊಣಕಾಲುಗಳ ಹೊರಮುಖದ ಹೊಲಿಗೆಗೆ ಕೈಹಚ್ಚಲೇಬಾರದು. ಬಿದ್ದಾಗ ನೆಲಕ್ಕೆ ಉಜ್ಜುವುದು ಅವೇ ಜಾಗಗಳು, ಹೊಸ ಹೊಲಿಗೆ ಅಲ್ಲಿ ಬಾಯಿಬಿಟ್ಟರೆ ಬಟ್ಟೆ ಎಷ್ಟು ಗಟ್ಟಿಯಿದ್ದೂ ಫಲವಿಲ್ಲ. ಸಡಿಲ ತೆಗೆಯುವುದಾದರೆ ಬಗಲಿನ ಕೆಳಗೆ, ಒಳತೊಡೆಯ ಕಡೆ. ದಾರ ಹತ್ತಿಯದಾಗಬಾರದು, ಬೆವರು, ಮಳೆಗೆ ಲಡ್ಡಾಗುತ್ತದೆ. ಸೀಟ್ ಹೊಲಿಯುವವರ ಬಳಿ ದಪ್ಪ ನೈಲಾನ್ ದಾರವೂ ದಪ್ಪ ಸೂಜಿಯ ಮಿಷಿನ್ನೂ ಇರುತ್ತವೆ, ರೆಕ್ಸಿನ್ ಹೊಲಿದ ಅನುಭವವೂ ಇರುತ್ತದೆ. ಮಳೆಯ ಲೈನರ್‌ಗೆ ಮಾತ್ರ ಸೂಜಿ ಮುಟ್ಟಿಸುವಂತಿಲ್ಲ, ಒಂದೊಂದು ತೂತಿನಿಂದಲೂ ನೀರು ಒಸರುತ್ತದೆ. ಅದನ್ನು ಒಳಕ್ಕೆ ಮಡಚಿ ಗುಂಡಿ ಒತ್ತಿಕೊಳ್ಳುತ್ತೇನೆ. ದರ್ಜಿ ಗುರುತು ಹಾಕಿದ ಬಟ್ಟೆಯನ್ನು ಹಿಡಿದುಕೊಂಡು ಸೀಟ್ ಅಂಗಡಿಗೆ ತಾವೇ ಬಂದರು. ಒಬ್ಬರು ಬಟ್ಟೆ ಹಿಡಿದರು, ಒಬ್ಬರು ಮಿಷಿನ್ ತುಳಿದರು. ಎರಡು ಬೇರೆ ಬೇರೆ ಕಸುಬಿನವರು ಒಂದೇ ತೋಳಿನ ಮೇಲೆ ಬಗ್ಗಿ ನಿಂತು ಮಾತಾಡುವುದನ್ನು ಕೇಳುತ್ತ ಕೂತ ಆ ಮಧ್ಯಾಹ್ನ ನನಗೆ ಒಂದು ಸಂಗೀತ ಕಛೇರಿಯಷ್ಟು ಸುಖ ಕೊಟ್ಟಿತು.

ಗ್ಲೌಸಿನ ವಿಷಯ ಬಂದಾಗ ನನಗೆ ನಮ್ಮೂರ ಕಂಬ ನೆನಪಾಗುತ್ತದೆ. ಪ್ರಣವೇಶ್ವರ ದೇವಸ್ಥಾನದ ಮುಂದಿನ ಕಂಬದ ಮೇಲೆ ಐದನೆಯ ಶತಮಾನದ ನಡುಭಾಗದ, ಕದಂಬ ಶಾಂತಿವರ್ಮನ ಕಾಲದ ಸಂಸ್ಕೃತ ಶಾಸನವಿದೆ. ರಚಿಸಿದ ಕವಿ ಕುಬ್ಜ. ತನ್ನ ಕಾವ್ಯವನ್ನು ಕಲ್ಲಿನ ಮೇಲೆ ಬರೆದವನೂ ತಾನೇ ಎನ್ನುತ್ತಾನೆ. ಓದಲು ಕಂಚಿಗೆ ಹೋದ ಮಯೂರಶರ್ಮ ಅಲ್ಲಿ ಕುದುರೆಯ ಸಂಬಂಧದ ಒಂದು ಜಗಳದಲ್ಲಿ ಪಲ್ಲವರ ಮೇಲೆ ಸಿಟ್ಟಾದದ್ದನ್ನೂ, ದರ್ಭೆ, ಸಮಿತ್ತು, ತುಪ್ಪದ ಸೌಟು ಹಿಡಿದು ರೂಢಿಯಿದ್ದ ಅದೇ ಕೈಯಿಂದ ಕತ್ತಿ ಹಿರಿದದ್ದನ್ನೂ ಆ ಶಾಸನ ಹೇಳುತ್ತದೆ. ಮಕ್ಕಳಿಗೆ ಈ ಕತೆ ಹೇಳುವಾಗಲೆಲ್ಲ ನನ್ನ ಗಮನ ಆ ಕೈಯ ಮೇಲೇ ನಿಲ್ಲುತ್ತದೆ. ಕೈಗೆ ಹೊಸ ಕೆಲಸ ಕಲಿಸಬಹುದು. ಹಿಡಿಯುವ ಸಾಧನ ಕೈಗೆ ಒಗ್ಗಬೇಕು, ಅಷ್ಟೆ. ನನ್ನದು ದಿನವಿಡೀ ಸೀಮೆಸುಣ್ಣ ಹಿಡಿಯುವ ಕೈ. ಗ್ಲೌಸಿನ ಬೆರಳು ಅರ್ಧ ಇಂಚು ಉದ್ದವಾದರೂ ಆ ಖಾಲಿ ತುದಿ ಕ್ಲಚ್ಚಿಗೂ ಹಿಡಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಗ್ಲೌಸು ಕೊಳ್ಳುವಾಗ ಹೆಬ್ಬೆರಳು ಬಿಟ್ಟು ಅಂಗೈ ಸುತ್ತಲೂ ಅಳೆಯುವುದರ ಜೊತೆಗೆ ನಡುಬೆರಳಿನ ಉದ್ದವನ್ನೂ ಅಳೆಯುತ್ತೇನೆ, ಮುಷ್ಟಿ ಕಟ್ಟಿ ಬಿಡಿಸಿ ನೋಡುತ್ತೇನೆ.

ಇಷ್ಟೆಲ್ಲ ಮಾಡಿಸಿಕೊಂಡ ಮೇಲಿನ ಸವಾರಿಯ ಸೊಗಸನ್ನು ಹೇಗೆ ಹೇಳಲಿ! ಭಾನುವಾರ ಬೆಳಿಗ್ಗೆ ಆನವಟ್ಟಿಯ ಕಡೆ ಹೊರಟು, ಕುಬಟೂರಿನ ಕೈಟಭೇಶ್ವರನ ಅಂಗಳದಲ್ಲಿ ಅಷ್ಟು ಹೊತ್ತು ಕೂತು, ಅಲ್ಲಿಂದ ಬನವಾಸಿಗೆ ಹೋಗಿ ವರದಾ ನದಿಯ ನೀರು ನೋಡಿಕೊಂಡು ಬರುವುದು ನನ್ನ ಪ್ರೀತಿಯ ದಾರಿ. ಅನಾನಸಿನ ಕಾಲವಾದರೆ ಹೆಲ್ಮೆಟ್ಟಿನ ಒಳಕ್ಕೂ ಹಣ್ಣಿನ ವಾಸನೆ ಬರುತ್ತದೆ. ಸಡಿಲ ಜಾಕೆಟ್ಟಿನಲ್ಲಿ ಗಾಳಿ ತೋಳಿನಿಂದ ನುಗ್ಗಿ ಬೆನ್ನಲ್ಲಿ ಉಬ್ಬಿ ಪಟಪಟ ಬಡಿಯುತ್ತದೆ, ಐವತ್ತು ಕಿ.ಮೀ. ಕಳೆಯುವುದರೊಳಗೆ ಹೆಗಲು ಸೋಲುತ್ತದೆ. ಈಗ ಬಟ್ಟೆ ಮೈಯ ಜೊತೆ ವಾಲುತ್ತದೆ, ಮೈ ಗಾಡಿಯ ಜೊತೆ ವಾಲುತ್ತದೆ. ಮೆಶ್ ಬಟ್ಟೆಯ ಮೂಲಕ ಬರುವ ಗಾಳಿ ಎದೆಗೆ ತಂಪಾಗಿ ತಾಕಿ ಹೋಗುತ್ತದೆ. ಉಡುಪಿನ ನೆನಪೇ ಬರುವುದಿಲ್ಲ, ಗಮನವೆಲ್ಲ ರಸ್ತೆಯ ಮೇಲೆ. ಒಳ್ಳೆಯ ಅಳತೆ ಕೊಡುವ ದೊಡ್ಡ ಸುಖ ಇದೇ, ಮತ್ತು ಅದು ಸುರಕ್ಷತೆಯೂ ಹೌದು: ಬಟ್ಟೆಯನ್ನು ಸರಿಪಡಿಸಿಕೊಳ್ಳುತ್ತ ಓಡಿಸುವವರ ಕಣ್ಣು ಗುಂಡಿಯ ಮೇಲಿರುವುದಿಲ್ಲ.

ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್ಪಿನ ಮಹಿಳಾ ವಿಭಾಗ ಗೆದ್ದಾಗ ನಮ್ಮ ಶಾಲೆಯ ಹುಡುಗಿಯರಿಗೆ ಆ ಸುದ್ದಿಯನ್ನು ಓದಿ ಹೇಳಿದ್ದೆ. ಮರಳು, ಕಲ್ಲುಗಳ ಮೇಲೆ ದಿನಗಟ್ಟಲೆ ಓಡಿಸುವ ಸ್ಪರ್ಧೆ ಅದು. ದೊಡ್ಡ ರೇಸುಗಳಲ್ಲಿ ಸವಾರರ ಸೂಟನ್ನು ಅವರವರ ಮೈ ಅಳೆದೇ ಹೊಲಿಯುತ್ತಾರೆ. ಅಲ್ಲಿ ಅದನ್ನು ಯಾರೂ ದೊಡ್ಡಸ್ತಿಕೆ ಎನ್ನುವುದಿಲ್ಲ, ಕೆಲಸಕ್ಕೆ ಬೇಕಾದ ಸಲಕರಣೆ ಎನ್ನುತ್ತಾರೆ. ಅದೇ ಗೌರವ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುವ ಹೆಂಗಸಿಗೂ, ಸ್ಕೂಟಿಯಲ್ಲಿ ಶಿಕಾರಿಪುರದ ಕಾಲೇಜಿಗೆ ಹೋಗುವ ಹುಡುಗಿಗೂ ಸಲ್ಲಬೇಕು. ಮಕ್ಕಳಿಗೂ ಸಲ್ಲಬೇಕು. 2022ರ ಕೇಂದ್ರದ ನಿಯಮ ಒಂಬತ್ತು ತಿಂಗಳಿಂದ ನಾಲ್ಕು ವರ್ಷದವರೆಗಿನ ಮಕ್ಕಳಿಗೆ ಬೈಕಿನ ಮೇಲೆ ಹೆಲ್ಮೆಟ್ಟು ಮತ್ತು ಸುರಕ್ಷಾ ಪಟ್ಟಿ ಬೇಕೆಂದು ಹೇಳಿದೆ. ಅಪ್ಪನ ಹೆಲ್ಮೆಟ್ಟನ್ನು ಮಗುವಿನ ತಲೆಗೆ ಇಟ್ಟರೆ ನಿಯಮವೂ ಪಾಲನೆಯಾಗುವುದಿಲ್ಲ, ಮಗುವೂ ಉಳಿಯುವುದಿಲ್ಲ.

ಅದಕ್ಕೇ ನನ್ನ ಚೀಲದಲ್ಲಿ ಡಸ್ಟರಿನ ಪಕ್ಕ ಯಾವಾಗಲೂ ಒಂದು ಟೇಪು ಇರುತ್ತದೆ. ಪೋಷಕರ ಸಭೆಯ ದಿನ ತಾಯಂದಿರ ತಲೆ ಅಳೆದು ಚೀಟಿ ಬರೆದುಕೊಡುತ್ತೇನೆ. ಹತ್ತನೆಯ ತರಗತಿಗೆ ಸರಾಸರಿ, ಬಹುಲಕ ಕಲಿಸುವಾಗ ಮಕ್ಕಳ ಮಣಿಕಟ್ಟು, ತೋಳಿನ ಅಳತೆಗಳನ್ನೇ ದತ್ತಾಂಶ ಮಾಡಿಕೊಳ್ಳುತ್ತೇವೆ. ಸರಾಸರಿಯ ಮೇಲೆ ನಿಖರವಾಗಿ ನಿಲ್ಲುವ ಮಗು ತರಗತಿಯಲ್ಲಿ ಸಾಮಾನ್ಯವಾಗಿ ಒಂದೂ ಇರುವುದಿಲ್ಲ ಎಂಬುದನ್ನು ಅವರೇ ಲೆಕ್ಕ ಹಾಕಿ ಕಂಡುಕೊಳ್ಳುತ್ತಾರೆ. ಓದುವ ನಿಮಗೂ ಹೇಳುತ್ತೇನೆ: ತಲೆಯ ಸುತ್ತು, ಎದೆ, ಸೊಂಟ, ಹೆಗಲಿನಿಂದ ಮೊಣಕೈ, ಮೊಣಕೈಯಿಂದ ಮಣಿಕಟ್ಟು, ಸೊಂಟದಿಂದ ಮೊಣಕಾಲು, ಮೊಣಕಾಲಿನಿಂದ ಹಿಮ್ಮಡಿ, ಇಷ್ಟನ್ನು ಗಾಡಿಯ ಮೇಲೆ ಕೂತು ಅಳೆಸಿ ಬರೆದಿಟ್ಟುಕೊಳ್ಳಿ. ಅಂಗಡಿಯಲ್ಲಿ ಎಸ್, ಎಂ, ಎಲ್ ಎಂದು ಕೇಳಬೇಡಿ, ಈ ಅಂಕಿಗಳನ್ನು ಮುಂದಿಡಿ. ಹೆಲ್ಮೆಟ್ಟು ಸರಿಯಾದದ್ದು ಸಿಗುವವರೆಗೆ ಹುಡುಕಿ. ಉಳಿದದ್ದಕ್ಕೆ ನಿಮ್ಮೂರಿನಲ್ಲೂ ಒಬ್ಬ ದರ್ಜಿ, ಒಬ್ಬ ಸೀಟ್ ಹೊಲಿಯುವವರು, ಒಬ್ಬ ಚಪ್ಪಲಿ ಹೊಲಿಯುವವರು ಇದ್ದೇ ಇರುತ್ತಾರೆ. ಅವರ ಮುಂದೆ ಗಾಡಿ ನಿಲ್ಲಿಸಿ, ಹ್ಯಾಂಡಲ್ ಹಿಡಿದು ಕೂತು, ಅಳೆಯಿರಿ ಎಂದು ಕೇಳಿ. ಈ ಕೆಲಸ ಅವರಿಗೆ ಹೊಸದಿರಬಹುದು, ಮೈ ಅಳೆಯುವುದು ಹೊಸದಲ್ಲ.